ಸಜ್ಜನರಾಯರ ವೃತ್ತದಲ್ಲಿ ಒಂದು ಸಂಜೆ

ಊರನ್ನು ಕಣ್ಣಿನಿಂದ ಗುರುತಿಸುವವರುಂಟು. ಕಿವಿಯಿಂದ ಗುರುತಿಸುವವರೂ ಉಂಟು. ನಾನು ಮಾತ್ರ ಬೆಂಗಳೂರಿನ ದಕ್ಷಿಣ ಭಾಗವನ್ನು ಮೂಗಿನಿಂದ ಬಲ್ಲವನು. ಕಣ್ಣಿಗೆ ಬಟ್ಟೆ ಕಟ್ಟಿ ತಂದು ಬಿಟ್ಟರೂ ಹೂವಿನ ಕಂಪು ಕಾಫಿಪುಡಿಯ ಕಂಪಿನೊಡನೆ ಬೆರೆತು ಬಂದರೆ ಇದು ಗಾಂಧಿಬಜಾರೆಂದೂ, ಬೆಂದ ಬನ್ನಿನ ವಾಸನೆಯೊಡನೆ ಈರುಳ್ಳಿ ಹಸಿಮೆಣಸಿನಕಾಯಿಗಳ ಘಾಟು ಬಂದರೆ ಇದು ವಿಶ್ವೇಶ್ವರಪುರವೆಂದೂ ತಪ್ಪದೆ ಹೇಳಬಲ್ಲೆ. ನಾನು ಹುಟ್ಟಿ ಬೆಳೆದದ್ದು ಆ ವಾಸನೆಯ ನಡುವೆ.

ಕಳೆದ ಧನುರ್ಮಾಸದ ಒಂದು ಶನಿವಾರ ನಾವು ಎಂಟು ಮಂದಿ ಅಲ್ಲಿ ಕೂಡಿದೆವು. ನನ್ನ ಬಾಲ್ಯದ ಗೆಳೆಯ ಆಸ್ಟ್ರೇಲಿಯಾದ ಮೆಲ್ಬರ್ನ್ ನಗರದಿಂದ ಹೆಂಡತಿ ಮಗನೊಡನೆ ಬಂದಿದ್ದ. ಬಂದದ್ದು ಬರಿಯ ರಜೆ ಕಳೆಯುವುದಕ್ಕಲ್ಲ. ತಾಯಿಯನ್ನು ತನ್ನೊಡನೆ ಕರೆದೊಯ್ಯುವುದಕ್ಕೆ. ಆ ತಾಯಿ ಶಾಲೆಯಲ್ಲಿ ಮೂವತ್ತು ವರ್ಷ ಪಾಠ ಹೇಳಿದವರು. ನಮ್ಮ ವಠಾರದಲ್ಲಿ ಹಿರಿಯರು ಕಿರಿಯರೆನ್ನದೆ ಎಲ್ಲರ ಬಾಯಲ್ಲಿಯೂ ಅವರು ‘ಟೀಚರಮ್ಮ’. ನಾವು ಕನಕಪುರ ರಸ್ತೆಯ ಕಡೆಗೆ ಮನೆ ಬದಲಾಯಿಸಿ ಹದಿನಾರು ವರ್ಷಗಳಾದವು. ಅವರು ಮಾತ್ರ ವಿಶ್ವೇಶ್ವರಪುರವನ್ನು ಬಿಟ್ಟು ಕದಲಿರಲಿಲ್ಲ. ಈಗ ಬಿಡಬೇಕಾಗಿ ಬಂದಿತ್ತು.

“ಹೊರಡುವ ಮೊದಲು ಎಲ್ಲರೂ ಸೇರಿ ಒಂದು ಸಂಜೆ ತಿಂಡಿಬೀದಿಗೆ ಹೋಗೋಣ” ಎಂದು ಗೆಳೆಯ ದೂರವಾಣಿಯಲ್ಲಿ ಹೇಳಿದಾಗ ನನ್ನ ತಾಯಿ ಒಪ್ಪಲಿಲ್ಲ. “ಊರು ಬಿಟ್ಟು ಹೋಗುವವರನ್ನು ಮನೆಗೆ ಕರೆದು ಬಡಿಸಬೇಕು, ಬೀದಿಯಲ್ಲಿ ನಿಲ್ಲಿಸಿ ತಿನ್ನಿಸಿ ಕಳಿಸುವುದೆ?” ಎಂದರು. ಕಾರಣ ಅದಲ್ಲವೆಂದು ನನಗೆ ಗೊತ್ತಿತ್ತು. ಕಳಿಸಿಕೊಡುವ ಕಾರ್ಯವೇ ಅವರಿಗೆ ಬೇಡವಾಗಿತ್ತು. ಕೊನೆಗೆ ಟೀಚರಮ್ಮನವರೇ ಮಾತನಾಡಿ, “ಅಕ್ಕಾ, ನನಗೆ ನಿಮ್ಮ ಮನೆಯ ಊಟ ಗೊತ್ತು. ಆ ಬೇಕರಿಯ ಖಾರದ ಬನ್ನನ್ನು ಇನ್ನೊಂದು ಸಲ ನಿಮ್ಮ ಜೊತೆ ತಿನ್ನಬೇಕು” ಎಂದ ಮೇಲೆ ಅಮ್ಮ ಸುಮ್ಮನೆ ಸೀರೆ ಬದಲಾಯಿಸಲು ಎದ್ದರು.

ನಮ್ಮ ಮೆಟ್ರೋ ಪ್ರಯಾಣ ನ್ಯಾಷನಲ್ ಕಾಲೇಜು ನಿಲ್ದಾಣದಲ್ಲಿ ಮುಗಿಯಿತು. 2017ರಲ್ಲಿ ಹಸಿರು ಮಾರ್ಗದ ಈ ಭಾಗ ತೆರೆದಂದಿನಿಂದ ಹಳೆಯ ಬಡಾವಣೆಗಳಿಗೂ ನಮಗೂ ಇದ್ದ ದೂರ ಅರ್ಧವಾದಂತಾಗಿದೆ. ಅಮ್ಮನಿಗಾಗಿ ಆಟೋ ಕರೆದೆ. ಅವರು ಬೇಡವೆಂದು ನಡೆದೇ ಬಂದರು. ದಾರಿಯುದ್ದಕ್ಕೂ ಮೊಮ್ಮಗಳಿಗೆ ‘ಇಲ್ಲಿ ಬಳೆ ಅಂಗಡಿಯಿತ್ತು, ಇಲ್ಲಿ ಹುಣಿಸೆಮರವಿತ್ತು’ ಎಂದು ಇಲ್ಲದ ವಸ್ತುಗಳನ್ನೆಲ್ಲ ಬೆರಳು ಮಾಡಿ ತೋರಿಸುತ್ತಿದ್ದರು.

1912ರಿಂದ 1918ರವರೆಗೆ ಮೈಸೂರಿನ ದಿವಾನರಾಗಿದ್ದ ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರನ್ನು ಹೊತ್ತ ಬಡಾವಣೆ ಇದು. ಇದರ ನಡುವಿನ ವೃತ್ತಕ್ಕೆ ದೇವಸ್ಥಾನ, ಛತ್ರಗಳನ್ನು ಕಟ್ಟಿಸಿದ ದಾನಿ ಸಜ್ಜನರಾಯರ ಹೆಸರು. ಹಸಿದವರಿಗೆ ಅನ್ನವಿಕ್ಕಿದ ಪುಣ್ಯಾತ್ಮನ ಹೆಸರಿನ ಸುತ್ತಲೇ ಊರಿನ ತಿಂಡಿಪೋತರೆಲ್ಲ ಸೇರುವುದು ವಿಧಿಯ ವಿನೋದವೇ ಇರಬೇಕು. ಸಂಜೆಯಾಗುತ್ತಲೇ ವೃತ್ತದ ಪಕ್ಕದ ಬೀದಿಯಲ್ಲಿ ಕಾವಲಿಗಳು ಕಾಯತೊಡಗುತ್ತವೆ; ಹೋಳಿಗೆ ತಟ್ಟುವ ಸದ್ದು, ಪಡ್ಡಿನ ಗುಳಿಗಳಿಗೆ ಎಣ್ಣೆ ಬಿಡುವ ಸದ್ದು, ಕೂಗಿ ಕರೆಯುವವರ ಸದ್ದು ಒಂದಾಗುತ್ತವೆ. ಚಳಿಗಾಲದಲ್ಲಿ ಇವೆಲ್ಲಕ್ಕೂ ಅವರೆಕಾಯಿಯೇ ಅಧಿದೇವತೆ. ಅವರೆಬೇಳೆಯ ದೋಸೆ, ಉಪ್ಪಿಟ್ಟು, ರೊಟ್ಟಿಗಳ ಮಾತಿರಲಿ, ಹೋಳಿಗೆ, ಜಿಲೇಬಿಗಳಿಗೂ ಅವರೆ ನುಗ್ಗಿಬಿಡುತ್ತದೆ.

ಆದರೆ ನಮ್ಮ ಗುರಿ ಮೊದಲು ಬೇಕರಿ. ವೃತ್ತದ ಬಳಿಯ ವಿ. ಬಿ. ಬೇಕರಿ 1953ರಿಂದ ಇಲ್ಲಿದೆ. ಹೋದಾಗಲೆಲ್ಲ ಅದರ ಮುಂದೆ ಗುಂಪು. ಆ ಗುಂಪಿನಲ್ಲಿ ಕೈ ನೀಡಿ ಹಣ ಕೊಟ್ಟು ಪೊಟ್ಟಣ ಪಡೆಯುವುದು ಒಂದು ವಿದ್ಯೆ. ಗೆಳೆಯ ಹೊರದೇಶದ ಅಭ್ಯಾಸದಂತೆ ತನ್ನ ಸರದಿಗಾಗಿ ಕಾದು ನಿಂತ. ಅವನ ಸರದಿ ಬರಲೇ ಇಲ್ಲ. ಅವನ ತಾಯಿ, “ಸರಿಯೋ ಆಚೆ” ಎಂದು ಮುಂದೆ ನುಗ್ಗಿ ಎರಡು ನಿಮಿಷದಲ್ಲಿ ಖಾರದ ಬನ್ನು, ದಿಲ್‌ಪಸಂದ್, ಕಾಂಗ್ರೆಸ್ ಕಡಲೇಕಾಯಿ, ಬಿಸಿ ಬಿಸಿ ಬ್ರೆಡ್ ಟೋಸ್ಟುಗಳೊಡನೆ ಹೊರಬಂದರು.

ಹಾಸನ ಸೀಮೆಯ ಶ್ರೀವೈಷ್ಣವ ಮನೆತನಗಳಿಗೆ ಈ ಪಾಶ್ಚಾತ್ಯ ಪಾಕವಿದ್ಯೆ ಹೇಗೆ ಒಲಿಯಿತೆಂಬುದೇ ಒಂದು ಸ್ವಾರಸ್ಯ. ಆ ಸೀಮೆಯಿಂದ ಬಂದ ಎಚ್. ಎಸ್. ತಿರುಮಲಾಚಾರ್ಯರು 1898ರಲ್ಲಿ ಚಿಕ್ಕಪೇಟೆಯಲ್ಲಿ ಬೇಕರಿ ತೆರೆದರು. ಅವರ ಸಿಹಿತಿಂಡಿಯ ಅಂಗಡಿಗೆ ಬರುತ್ತಿದ್ದ ಆಂಗ್ಲನೊಬ್ಬ ಬ್ರೆಡ್ ಮಾಡುವುದನ್ನು ಕಲಿಸಿಕೊಟ್ಟನೆಂದು ಪ್ರತೀತಿ. ಅವರ ಹಾದಿಯಲ್ಲಿ ಬಂಧುಗಳು, ಬಂಧುಗಳ ಹಾದಿಯಲ್ಲಿ ಊರಿನವರು ಬಂದು, ಮೊಟ್ಟೆಯನ್ನು ದೂರವಿಟ್ಟು, ಮೈದಾಹಿಟ್ಟಿಗೆ ನಮ್ಮ ಒಗ್ಗರಣೆಯ ಸಾಮಗ್ರಿಗಳನ್ನು ಸೇರಿಸಿದರು. ಸಾಹೇಬನ ಬನ್ನಿಗೆ ಈರುಳ್ಳಿ, ಹಸಿಮೆಣಸಿನಕಾಯಿ, ಕೊತ್ತಂಬರಿ, ಕರಿಬೇವು ಬಿದ್ದದ್ದು ಹಾಗೆ. ಇಂದು ಬಡಾವಣೆಗೊಂದರಂತೆ ‘ಅಯ್ಯಂಗಾರ್ ಬೇಕರಿ’ಯ ಹಲಗೆ ಕಾಣುತ್ತದೆ, ನಡೆಸುವವರು ಯಾರೇ ಇರಲಿ, ಹೆಸರು ಅದೇ.

ಆ ಹಲಗೆಯ ಹೆಸರು ನಮ್ಮ ಅಜ್ಜಿಗೆ ಒಂದು ಪ್ರಮಾಣಪತ್ರವಾಗಿತ್ತು. ಅಜ್ಜಿ ಹೊರಗಿನ ನೀರನ್ನೂ ಮುಟ್ಟಿದವರಲ್ಲ. ಬ್ರೆಡ್ಡನ್ನು ಜ್ವರದವರ ಪಥ್ಯವೆಂದು ಮಾತ್ರ ಅವರು ಅಂಗೀಕರಿಸಿದ್ದರು. ಅದೂ ಅಯ್ಯಂಗಾರರ ಅಂಗಡಿಯದಾದರೆ. ಇದು ಹೆಮ್ಮೆಪಟ್ಟುಕೊಳ್ಳುವ ಮಾತಲ್ಲ. ನಮ್ಮಂಥ ಅನೇಕ ಮನೆಗಳಲ್ಲಿ ನಡೆದ ಮಾತು. ಪಕ್ಕದ ಮನೆಯ ಟೀಚರಮ್ಮನವರು ಕ್ರೈಸ್ತರು. ಅವರೊಡನೆ ಅಜ್ಜಿಗೆ ಮಾತುಕತೆ ಧಾರಾಳವಾಗಿತ್ತು, ಸಾಲ ತರುವುದು ಕೊಡುವುದು ಇತ್ತು. ಅಡಿಗೆಮನೆಯ ಹೊಸಿಲಿನ ಬಳಿ ಮಾತ್ರ ಎಲ್ಲವೂ ನಿಲ್ಲುತ್ತಿತ್ತು. ಪ್ರತಿ ವರ್ಷವೂ ಧನುರ್ಮಾಸದ ನಡುವೆಯೇ ಬರುವ ಕ್ರಿಸ್ಮಸ್ಸಿನಂದು ನಮ್ಮ ಮನೆಯ ಹುಗ್ಗಿ ಅವರ ಮನೆಗೆ ಹೋಗುತ್ತಿತ್ತು. ಅವರ ಮನೆಯಿಂದ ಬರುತ್ತಿದ್ದದ್ದು ಅವರು ಮಾಡಿದ ಕೇಕಲ್ಲ, ಇದೇ ಅಯ್ಯಂಗಾರ್ ಬೇಕರಿಯಿಂದ ಕೊಂಡುತಂದ ಕೇಕು. ಟೀಚರಮ್ಮನವರು ಅದನ್ನು ಎಂದೂ ಮನಸ್ಸಿಗೆ ಹಚ್ಚಿಕೊಂಡಂತೆ ತೋರಲಿಲ್ಲ. ಹಚ್ಚಿಕೊಂಡಿರಲಿಲ್ಲವೇ? ಇಂದು ಆಲೋಚಿಸಿದರೆ ನನಗೆ ನಾಚಿಕೆಯಾಗುತ್ತದೆ.

ಅವರ ಮನೆಯ ಕೇಕು ಬೇಯುತ್ತಿದ್ದುದು ದಂಡಿನ ಕಡೆಯ ಬೇರೊಂದು ಬೇಕರಿಯಲ್ಲಿ. ಆಗ ಎಲ್ಲರ ಮನೆಯಲ್ಲಿ ಒವನ್ ಇರಲಿಲ್ಲ. ಹಿಟ್ಟನ್ನು ಕಲಸಿ ತಗಡಿನ ತಟ್ಟೆಗಳಿಗೆ ಸುರಿದು, ಹೆಸರಿನ ಚೀಟಿ ಅಂಟಿಸಿ ಬೇಕರಿಗೆ ಒಯ್ಯುವುದು ವಾಡಿಕೆ. ಗೆಳೆಯನೂ ನಾನೂ ಆಟೋದಲ್ಲಿ ತೊಡೆಯ ಮೇಲೊಂದೊಂದು ತಟ್ಟೆ ಇಟ್ಟುಕೊಂಡು, ಪ್ರತಿ ಹಳ್ಳಕ್ಕೂ ಉಸಿರು ಬಿಗಿಹಿಡಿದು ಹೋಗುತ್ತಿದ್ದೆವು. ಅಲ್ಲಿ ಸೌದೆಯ ಭಟ್ಟಿಯನ್ನು ಮೊದಲು ನೋಡಿದೆ. ಇಟ್ಟಿಗೆಯ ಒಂದು ಪುಟ್ಟ ಗವಿ. ಅದರೊಳಗೇ ಗಂಟೆಗಟ್ಟಲೆ ಸೌದೆ ಉರಿಸಿ, ಕೆಂಡವನ್ನು ಬಳಿದು, ನೆಲವನ್ನು ಒದ್ದೆಯ ಗೋಣಿಯಿಂದ ಒರೆಸುತ್ತಿದ್ದರು. ಆಮೇಲೆ ಬೇಯಿಸುವುದು ಬೆಂಕಿಯಲ್ಲ, ಇಟ್ಟಿಗೆ ಕುಡಿದಿಟ್ಟುಕೊಂಡ ಕಾವು. ಕಾವು ಜೋರಾಗಿರುವಾಗ ಬ್ರೆಡ್ಡು ಬನ್ನುಗಳು. ಇಳಿಯುತ್ತ ಬಂದಾಗ ಕೇಕು, ಬಿಸ್ಕತ್ತು. ಎಲ್ಲ ಮುಗಿದ ಮೇಲೆ ಉಳಿದ ಬಿಸಿಯಲ್ಲಿ, ಕತ್ತರಿಸಿದ ಬ್ರೆಡ್ಡು ರಾತ್ರಿಯೆಲ್ಲ ಒಣಗಿ ರಸ್ಕ್ ಆಗುತ್ತಿತ್ತು. ಉದ್ದ ಹಿಡಿಯ ಮರದ ಹಲಗೆಯಿಂದ ನಮ್ಮ ತಟ್ಟೆಗಳನ್ನು ಒಳಕ್ಕೆ ತಳ್ಳುವುದನ್ನು ಇಬ್ಬರೂ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದೆವು. ಅಂಥ ಭಟ್ಟಿಗಳು ಈಗ ಅಪರೂಪ. ಬಹುಪಾಲು ಬೇಕರಿಗಳು ವಿದ್ಯುತ್ತು, ಅನಿಲ, ಡೀಸೆಲ್‌ಗಳ ಒಲೆಗೆ ತಿರುಗಿವೆ.

ನನ್ನ ತಂಗಿ ಹುಟ್ಟಿದ ವರ್ಷ ಅಮ್ಮ ಆಸ್ಪತ್ರೆಯಲ್ಲಿದ್ದರು, ತಂದೆಯವರು ಅಲ್ಲಿಗೂ ಕಚೇರಿಗೂ ಓಡಾಡುತ್ತಿದ್ದರು. ಆಗಲೇ ಅಜ್ಜಿಗೆ ಜ್ವರ ಬಂತು. ನಾಲ್ಕು ದಿನ ಟೀಚರಮ್ಮನವರು ಶಾಲೆಗೆ ಹೋಗುವ ಮೊದಲೂ ಬಂದ ಮೇಲೂ ನಮ್ಮ ಮನೆಗೆ ಬಂದು ಹಾಲು ಕಾಯಿಸಿ, ಬ್ರೆಡ್ಡು ನೆನೆಸಿ, ಅಜ್ಜಿಯನ್ನು ಎತ್ತಿ ಕೂರಿಸಿದರು. ಮೊದಲ ದಿನ ಅಜ್ಜಿ ಕಣ್ಣು ಮುಚ್ಚಿಕೊಂಡೇ, “ಯಾರ ಅಂಗಡಿಯದಮ್ಮಾ ಇದು?” ಎಂದು ಕೇಳಿದರು. “ಅಯ್ಯಂಗಾರರದೇ, ತಿನ್ನಿ” ಎಂದರು ಟೀಚರಮ್ಮ. ಎರಡನೆಯ ದಿನದಿಂದ ಅಜ್ಜಿ ಆ ಪ್ರಶ್ನೆ ಕೇಳಲಿಲ್ಲ. ಹಾಲು ಕಾಯಿಸಿದ ಕೈ ಯಾರದೆಂದು ಅವರಿಗೆ ತಿಳಿಯದಿರಲಿಲ್ಲ.

ಆ ಕ್ರಿಸ್ಮಸ್ಸಿಗೆ ಟೀಚರಮ್ಮನವರು ಒಂದು ತಟ್ಟೆ ಹಿಟ್ಟನ್ನು ಮೊಟ್ಟೆಯಿಲ್ಲದೆ ಬೇರೆಯಾಗಿ ಕಲಸಿ, ಚೀಟಿಯ ಮೇಲೆ ‘ಅಜ್ಜಿ’ ಎಂದು ಬರೆದು ನಮ್ಮ ಕೈಲಿ ಕಳಿಸಿದರು. ಉಬ್ಬಬೇಕಾದ ಕೇಕು ಉಬ್ಬದೆ ಹೆಂಚಿನಂತೆ ಗಟ್ಟಿಯಾಗಿ ಬಂತು. ಟೀಚರಮ್ಮನವರಿಗೆ ಕೊಡಲು ಸಂಕೋಚ. ನಮಗೆ, ಅಜ್ಜಿ ಏನೆನ್ನುತ್ತಾರೋ ಎಂಬ ಭಯ. ಅಜ್ಜಿ ಅದನ್ನು ಮುರಿಸಿ, ಹಾಲಿನಲ್ಲಿ ನೆನೆಸಿ, ಹಲ್ಲಿಲ್ಲದ ಬಾಯಲ್ಲಿ ಬಹಳ ಹೊತ್ತು ಆಡಿಸಿ, “ರೊಟ್ಟಿ ಚೆನ್ನಾಗಿದೆ” ಎಂದರು. ಆ ವರ್ಷದಿಂದ ಬೇಕರಿಯ ಕೇಕು ನಮ್ಮ ಮನೆಗೆ ಬರುವುದು ನಿಂತಿತು.

ಈ ನೆನಪುಗಳನ್ನೆಲ್ಲ ನಾವು ಬೇಕರಿಯ ಪಕ್ಕದ ಕಟ್ಟೆಯ ಬಳಿ ನಿಂತು ತಿನ್ನುತ್ತ ಕೆದಕಿದೆವು. ಗೆಳೆಯನ ಮಗ ದಿಲ್‌ಪಸಂದಿನ ತೆಂಗಿನತುರಿಯನ್ನು ಅಂಗಿಯ ತುಂಬ ಚೆಲ್ಲಿಕೊಂಡಿದ್ದ. ಕಾಂಗ್ರೆಸ್ ಕಡಲೇಕಾಯಿಯ ಖಾರಕ್ಕೆ ನನ್ನ ಮಗಳ ಕಣ್ಣಲ್ಲಿ ನೀರು. ಆದರೂ ಕೈ ಪೊಟ್ಟಣದಿಂದ ಹೊರಬರಲೊಲ್ಲದು. ನನ್ನಾಕೆಯೂ ಗೆಳೆಯನ ಹೆಂಡತಿಯೂ ಕುಕ್ಕರಿನಲ್ಲಿ ಮರಳು ಹಾಕಿ ಕೇಕು ಬೇಯಿಸುವ ಹಳೆಯ ಉಪಾಯದ ಬಗ್ಗೆ ಗಂಭೀರ ಚರ್ಚೆಗೆ ತೊಡಗಿದ್ದರು. ಅಮ್ಮನೂ ಟೀಚರಮ್ಮನವರೂ ಕಟ್ಟೆಯ ಮೇಲೆ ಕುಳಿತು ಒಂದೇ ಬನ್ನನ್ನು ಮುರಿದು ಹಂಚಿಕೊಂಡಿದ್ದರು. ಮಾತಿರಲಿಲ್ಲ. ನಾನು ಇನ್ನೊಂದು ತರಲೇ ಎಂದು ಕೇಳಿದೆ. “ಬೇಡ, ಇದೇ ಸಾಕು” ಎಂದರು ಅಮ್ಮ. ಆದರೆ ಅದನ್ನೇ ಬಹಳ ಹೊತ್ತು ತಿಂದರು.

ಆಮೇಲೆ ತಿಂಡಿಬೀದಿಯನ್ನು ಹೊಕ್ಕು ಅವರೆಬೇಳೆ ದೋಸೆ, ಬೆಣ್ಣೆ ಸವರಿದ ಗುಲ್ಕನ್, ತುಪ್ಪದಲ್ಲಿ ಮಿಂದ ಹೋಳಿಗೆಗಳಿಗೆ ಯಥೋಚಿತ ಮರ್ಯಾದೆ ಸಲ್ಲಿಸಿದೆವು. ಒಂದು ದೋಸೆಗೆ ನಾಲ್ಕು ಕೈ. ಯಾರ ಎಂಜಲು ಯಾರದೆಂದು ವಿಚಾರಿಸುವ ಹಂತವನ್ನು ಎಂದೋ ದಾಟಿದ್ದೆವು. ಅಜ್ಜಿಯ ಕಾಲದಲ್ಲಿ ಮಡಿಗಾಗಿ ನೋಡುತ್ತಿದ್ದ ಹಲಗೆಯ ಕೆಳಗೆ ಇಂದು ನಿಂತು ತಿನ್ನುವವರ ಜಾತಿಮತವನ್ನು ಯಾರು ಲೆಕ್ಕವಿಡುತ್ತಾರೆ? ಬೇಲಿಯಾಗಿದ್ದ ಹೆಸರೇ ಕಾಲಕ್ರಮದಲ್ಲಿ ಪಂಕ್ತಿಯಾಯಿತು. ಆದರೆ ಈ ಕೆಲಸವನ್ನು ಬೇಕರಿಯೊಂದೇ ಮಾಡಲಿಲ್ಲ. ಜ್ವರದ ಮನೆಗೆ ಬಂದು ಹಾಲು ಕಾಯಿಸಿದವರು ಮಾಡಿದರು.

ಹೊರಡುವ ಹೊತ್ತಿಗೆ ಅಮ್ಮ ಕಾಣಲಿಲ್ಲ. ಗಾಬರಿಯಿಂದ ಹುಡುಕಿದರೆ, ಮತ್ತೆ ಬೇಕರಿಯ ಗುಂಪಿನಲ್ಲಿದ್ದರು. ರಸ್ಕಿನ ಎರಡು ದೊಡ್ಡ ಪೊಟ್ಟಣಗಳನ್ನು ತಂದು ಟೀಚರಮ್ಮನವರ ಮಡಿಲಿಗೆ ಹಾಕಿದರು. ಗೆಳೆಯ, ಆ ದೇಶದ ವಿಮಾನನಿಲ್ದಾಣದಲ್ಲಿ ತಿನಿಸುಗಳ ತಪಾಸಣೆ ಬಹಳ ಕಟ್ಟುನಿಟ್ಟೆಂದೂ, ಒಯ್ದದ್ದನ್ನು ಬರೆದು ತಿಳಿಸಿ ತೋರಿಸಬೇಕೆಂದೂ ವಿವರಿಸತೊಡಗಿದ.

“ತೋರಿಸು. ಕದ್ದು ತಂದದ್ದೇನಲ್ಲವಲ್ಲ” ಎಂದರು ಅಮ್ಮ. ಆಮೇಲೆ ಟೀಚರಮ್ಮನವರ ಕಡೆ ತಿರುಗಿ, “ಬನ್ನು ಎರಡು ದಿನಕ್ಕೆ ಬೂಸಲು ಹಿಡಿಯುತ್ತದೆ. ಇದು ಎರಡು ಸಲ ಬೆಂದದ್ದು, ಅಲ್ಲಿಯವರೆಗೂ ಬರುತ್ತದೆ” ಎಂದರು. ಟೀಚರಮ್ಮನವರು ಪೊಟ್ಟಣವನ್ನು ಎದೆಗೊತ್ತಿಕೊಂಡು, ಸುತ್ತ ಜನರಿದ್ದಾರೆಂಬುದನ್ನೂ ಲೆಕ್ಕಿಸದೆ ಅತ್ತರು. ಅಮ್ಮ ಅಳಲಿಲ್ಲ, ರೈಲಿನಲ್ಲಿ ಕುಳಿತ ಮೇಲೆ ಕಿಟಕಿಯ ಕಡೆಗೆ ಮುಖ ತಿರುಗಿಸಿಕೊಂಡಿದ್ದರು.

ಮೊನ್ನೆ ಮೆಲ್ಬರ್ನಿನಿಂದ ದೂರವಾಣಿ ಬಂತು. ರಸ್ಕ್ ಮುಗಿದು ಎಷ್ಟೋ ದಿನವಾಯಿತಂತೆ. ಮಗನ ಮನೆಯ ಹೊಸ ಒವನ್‌ನಲ್ಲಿ ಟೀಚರಮ್ಮನವರು ಮೊಟ್ಟೆಯಿಲ್ಲದ ಕೇಕು ಮಾಡಿದರಂತೆ. ಈ ಸಲವೂ ಉಬ್ಬಲಿಲ್ಲವಂತೆ. ಅಮ್ಮ ಗಟ್ಟಿಯಾಗಿ ನಕ್ಕು, “ಹಾಲಿನಲ್ಲಿ ನೆನೆಸಿ ತಿನ್ನಿ ಟೀಚರಮ್ಮ, ರೊಟ್ಟಿ ಚೆನ್ನಾಗಿರುತ್ತದೆ” ಎಂದರು.