ನೀರಿಲ್ಲದ ದ್ವೀಪ

ಅಕ್ಕನ ಮಗ ಗ್ರೀಸಿನ ರೋಡ್ಸ್ ದ್ವೀಪ ಸುತ್ತಿ ಬಂದಾಗಿನಿಂದ ನಮ್ಮ ಮನೆಯ ಒಲೆಯ ಮೇಲೆ ಕಾಫಿಗಿಂತ ಆ ಊರಿನ ಸುದ್ದಿಯೇ ಹೆಚ್ಚು ಕುದಿಯುತ್ತಿದೆ. “ಮಾವ, ಕ್ರಿಸ್ತಪೂರ್ವ 408ರಲ್ಲಿ ಕಟ್ಟಿದ ಊರು! 1309ರಿಂದ 1522ರವರೆಗೆ ಕತ್ತಿ ಹಿಡಿದ ಸನ್ಯಾಸಿಗಳ ಆಳ್ವಿಕೆ, ಆಮೇಲೆ ತುರ್ಕರು, ಆಮೇಲೆ ಇಟಲಿಯವರು. ಆ ಕೋಟೆಯೊಳಗೆ ಜನ ಇವತ್ತಿಗೂ ಬಟ್ಟೆ ಒಣಹಾಕ್ತಾರೆ!”

ಬಟ್ಟೆ ಒಣಗುವುದನ್ನು ನೋಡಲು ಅಷ್ಟು ದೂರ ಹೋಗಬೇಕೇ? ಬಿಸಿಲಿಗೇನು ನಮ್ಮ ಕೋಲಾರದಲ್ಲಿ ಬರವೇ? ಹಾಗೆ ನೋಡಿದರೆ ನಮ್ಮದೂ ದ್ವೀಪವೇ; ಸುತ್ತ ನೀರಿಲ್ಲ, ಅಷ್ಟೇ. ಕೆರೆಗಳು ತುಂಬಬೇಕಾದರೂ 2018ರಿಂದ ಬೆಂಗಳೂರಿನ ಬಚ್ಚಲ ನೀರು ಶುದ್ಧಿಯಾಗಿ ಬರಬೇಕಾಯಿತು.

ಹಳಮೆಯ ಮಾತಿಗೆ ಬಂದರೆ ನಾವೇನೂ ಕಡಿಮೆಯವರಲ್ಲ. ಗಂಗರು ಮೊದಲು ಆಳಿದ್ದು ಇಲ್ಲಿಂದ, ಆಗ ಇದು ಕುವಳಾಲ. ಆಮೇಲೆ ತಲಕಾಡಿಗೆ ಹೋದರೂ ‘ಕುವಳಾಲಪುರವರೇಶ್ವರ’ ಎಂಬ ಬಿರುದನ್ನು ಬಿಡಲಿಲ್ಲ. ಬೆಂಗಳೂರಿನಲ್ಲಿ ಮನೆ ಕಟ್ಟಿ ಮೂವತ್ತು ವರ್ಷವಾದರೂ “ನಮ್ದು ಕೋಲಾರ” ಅನ್ನುವ ನಮ್ಮ ಚಾಳಿ ಎಲ್ಲಿಂದ ಬಂತು ಅಂತೀರಿ?

ಗಂಗರಾದ ಮೇಲೆ ಚೋಳರು. 11ನೇ ಶತಮಾನದ ಅವರ ತಮಿಳು ಶಾಸನಗಳು ಕೋಲಾರಮ್ಮನ ಗುಡಿಯಲ್ಲಿವೆ. ನಮ್ಮ ಮನೆಗಳಲ್ಲೋ ಬೈಗುಳ ತೆಲುಗಿನಲ್ಲಿ, ಅರ್ಜಿ ಕನ್ನಡದಲ್ಲಿ, ಚಿನ್ನದ ಗಣಿಯ ಕಡೆಯ ನೆಂಟರು ಬಂದರೆ ತಮಿಳಿನಲ್ಲಿ ಉಪಚಾರ. ಪೂರ್ವಕ್ಕೆ ನಡೆದರೆ ಮುಳಬಾಗಿಲು, ಅಂದರೆ ಮೂಡಲ ಬಾಗಿಲು. ಅಲ್ಲಿನ ಆಂಜನೇಯನನ್ನು ಅರ್ಜುನನೇ ಪ್ರತಿಷ್ಠಾಪಿಸಿದ ಎಂಬ ನಂಬಿಕೆ. ನರಸಿಂಹತೀರ್ಥದಲ್ಲಿ ಶ್ರೀಪಾದರಾಜರ ಬೃಂದಾವನ. ಇಷ್ಟೆಲ್ಲ ಇದ್ದೂ ಆ ಬಾಗಿಲಿನಿಂದ ಲೋಕಕ್ಕೆಲ್ಲ ಹೊರಟದ್ದು ಯಾವುದು? ದೋಸೆ! ಮಾಲೂರಿಗೆ ಹೆಂಚು, ಶ್ರೀನಿವಾಸಪುರಕ್ಕೆ ಮಾವು ಹೆಸರು ತಂದಂತೆ ಇದಕ್ಕೆ ಕಾವಲಿ. ಹೆಸರಿಗೆ ಕೋಟೆಯೇ ಬೇಕೆಂದಿಲ್ಲ.

ಅಳಿಯನ ಮುಖ ಇನ್ನೂ ಅರಳಲಿಲ್ಲ. ಕರೆದುಕೊಂಡು ಹೊರಟೆ. ಹೈದರಾಲಿಯ ತಂದೆ ಫತೇ ಮಹಮದ್ ಮಲಗಿರುವ ಮಕ್ಬರಾ ತೋರಿಸಿದೆ. ಹೈದರ್ ಹುಟ್ಟಿದ ಬೂದಿಕೋಟೆಯೂ ಇದೇ ಸೀಮೆ. ಅಂತರಗಂಗೆಯ ಬಸವನ ಬಾಯಿಂದ ಸುರಿಯುವ ನೀರು ಕುಡಿಸಿದೆ. ಕೊನೆಗೆ ಕೋಲಾರಮ್ಮನ ಗುಡಿಗೆ ಬಂದೆವು. ಅಲ್ಲಿ ಚೇಳಮ್ಮನೂ ಇದ್ದಾಳೆ. ಕೈಮುಗಿದವರನ್ನು ಚೇಳು ಮುಟ್ಟದು ಎಂಬ ನಂಬಿಕೆ. ಅವಳ ಹುಂಡಿ ಪೆಟ್ಟಿಗೆಯಲ್ಲ, ನೆಲದೊಳಗಿನ ಗುಂಡಿ. ಹಾಕಿದ್ದನ್ನು ಯಾರೂ ತೆಗೆದಿಲ್ಲವಂತೆ.

“ಈ ಊರೂ ಹಾಗೇ ಕಣೋ,” ಅಂದೆ. “ಗಂಗರು, ಚೋಳರು, ನವಾಬರು, ಬಂದವರೆಲ್ಲ ಏನೋ ಒಂದು ಹಾಕಿ ಹೋದರು. ನಾವು ಅದರ ಮೇಲೆ ಕೂತು ದೋಸೆ ತಿಂತಿದ್ದೀವಿ.”

ಅವನು ಜೇಬು ತಡಕಿದ. ಚಿಲ್ಲರೆ ಇರಲಿಲ್ಲ, ಪ್ರವಾಸದಲ್ಲಿ ಉಳಿದ ಒಂದು ಯೂರೋ ಸಿಕ್ಕಿತು. ಕ್ಷಣ ಯೋಚಿಸಿ ಗುಂಡಿಯೊಳಗೆ ಬಿಟ್ಟ. ಟಣ್ ಅಂದಿತು.

ತೆಗೆಯುವ ದಿನ ಬಂದರೆ, ಕೋಲಾರವನ್ನು ಗ್ರೀಕರೂ ಆಳಿದ್ದರು ಎಂದು ಯಾರಾದರೂ ಒಂದು ಪ್ರಬಂಧ ಬರೆದಾರು.