ಫ್ರಿಜ್ಜಿನ ಹಿಂದಿನ ತಟ್ಟೆ

2024ರ ಜುಲೈ. ಪುಣೆಯ ಎರಂಡವಣೆ, ಗಣೇಶನಗರ. ಕನ್ನಡ ಸಂಘದ ಶಾಲೆಗೆ ಸಮೀಪದ ಒಂದು ಅಪಾರ್ಟ್‌ಮೆಂಟ್. ಮಳೆ ಈಗಷ್ಟೇ ಬಿಟ್ಟಿದೆ. ಪಾಲಿಕೆಯ ಆರೋಗ್ಯ ಕಾರ್ಯಕರ್ತೆಯ ಬೆನ್ನಿಗೇ ನೀವೂ ಮೆಟ್ಟಿಲು ಹತ್ತುತ್ತಿದ್ದೀರಿ. ಲಿಫ್ಟ್ ಇದೆ, ಆದರೆ ತಿರುವು ತಿರುವಿನಲ್ಲೂ ಹೂಕುಂಡ. ಅದರಡಿಯ ತಟ್ಟೆಗಳನ್ನು ನೋಡದೆ ಆಕೆ ಮೇಲೆ ಹೋಗುವವಳಲ್ಲ.

ಎರಡನೇ ಮಹಡಿ. “ನಮ್ಮಲ್ಲಿ ಸೊಳ್ಳೆ ಇಲ್ಲವೇ ಇಲ್ಲ,” ಎನ್ನುತ್ತಾರೆ ಮನೆಯೊಡತಿ. ಎಲ್ಲರೂ ಹೇಳುವುದು ಅದನ್ನೇ. ಕಾರ್ಯಕರ್ತೆ ವಾದಕ್ಕೆ ನಿಲ್ಲದೆ ಸೀದಾ ಅಡುಗೆಮನೆಗೆ ಹೋಗಿ, ಫ್ರಿಜ್ಜನ್ನು ಗೋಡೆಯಿಂದ ಗೇಣುದ್ದ ಎಳೆದು, ಹಿಂದಿನ ತಟ್ಟೆಗೆ ಟಾರ್ಚ್ ಬಿಡುತ್ತಾಳೆ. ನೀವೂ ಬಗ್ಗಿ ನೋಡಿ. ನೀರಿನ ಮೇಲ್ಪದರಕ್ಕೆ ಬಾಲ ತಗುಲಿಸಿ ತಲೆಕೆಳಗಾಗಿ ಜೋತಿದ್ದ ನಾಲ್ಕೈದು ಹುಳು, ಬೆಳಕು ಬಿದ್ದದ್ದೇ ತಡ, ಮೈ ಕೊಂಕಿಸುತ್ತ ತಳಕ್ಕಿಳಿಯುತ್ತವೆ. ಈಡಿಸ್ ಸೊಳ್ಳೆಯ ಮರಿಗಳು. ಮೊಟ್ಟೆಯೊಡೆದು ರೆಕ್ಕೆ ಬರಲು ಈ ಹವೆಗೆ ಎಂಟು-ಹತ್ತು ದಿನ ಸಾಕು. ನೀರು ಚೆಲ್ಲಿದರೆ ಮುಗಿಯಲಿಲ್ಲ. ತಟ್ಟೆಯ ಅಂಚನ್ನು ತಿಕ್ಕಿ ತೊಳೆಯಬೇಕು. ಅಲ್ಲಿ ಅಂಟಿದ ಮೊಟ್ಟೆ ಒಣಗಿದರೂ ತಿಂಗಳುಗಟ್ಟಲೆ ಸಾಯುವುದಿಲ್ಲ.

ರಿಜಿಸ್ಟರಿನಲ್ಲಿ ಒಂದು ಗೆರೆ. ನೂರು ಮನೆಗೆ ಇಂಥ ಎಷ್ಟು ಪಾತ್ರೆ ಎಂಬ ಲೆಕ್ಕದ ಮೇಲೆಯೇ ಈ ಬಡಾವಣೆಯ ಅಪಾಯ ಅಳೆಯುತ್ತಾರೆ.

“ಮನೆಯಲ್ಲಿ ಯಾರಾದರೂ ಗರ್ಭಿಣಿ?” ದನಿ ತಗ್ಗಿಸಿ ಕೇಳುತ್ತಾಳೆ. ಜೂನ್‌ನಲ್ಲಿ ಎರಂಡವಣೆಯ ಒಂದು ಮನೆಯ ತಂದೆ-ಮಗಳಲ್ಲಿ, ಇದೇ ಸೊಳ್ಳೆ ಹರಡುವ ಝೀಕಾ ವೈರಾಣು ಪತ್ತೆಯಾಗಿತ್ತು, ಆಮೇಲೆ ಗರ್ಭಿಣಿಯರಲ್ಲೂ. ಹೊಟ್ಟೆಯಲ್ಲಿರುವ ಮಗುವಿನ ಮಿದುಳಿನ ಬೆಳವಣಿಗೆಗೇ ಇದು ಕುತ್ತು. ಸೋಂಕು ತಗುಲಿದ ಐವರಲ್ಲಿ ನಾಲ್ವರಿಗೆ ಜ್ವರವೂ ಬರುವುದಿಲ್ಲ, ದದ್ದೂ ಏಳುವುದಿಲ್ಲ. ಅಂಥವರು ಆಸ್ಪತ್ರೆಯ ಲೆಕ್ಕಕ್ಕೆ ಸಿಗುವುದಾದರೂ ಹೇಗೆ? ಆ ವರ್ಷ ನಗರದಲ್ಲಿ ಸಿಕ್ಕವರೇ ನೂರು ದಾಟಿದರು.

ರಕ್ತ ಪರೀಕ್ಷೆಗೆ ದೂರ ಹೋಗಬೇಕಿಲ್ಲ. 1952ರಲ್ಲಿ ಶುರುವಾದ ರಾಷ್ಟ್ರೀಯ ವೈರಾಣು ಸಂಸ್ಥೆ ಇದೇ ಊರಿನಲ್ಲಿದೆ. 1957ರಲ್ಲಿ ಕ್ಯಾಸನೂರಿನ ಕಾಡಿನಲ್ಲಿ ಮಂಗಗಳು ಸತ್ತು ಬಿದ್ದಾಗ ಶಿವಮೊಗ್ಗಕ್ಕೆ ಬಂದು ಹೊಸ ವೈರಾಣುವನ್ನು ಹಿಡಿದವರು ಇಲ್ಲಿಯವರು. 2022ರ ಡಿಸೆಂಬರಿನಲ್ಲಿ ರಾಯಚೂರು ಜಿಲ್ಲೆಯ ಮಗುವಿಗೆ ಝೀಕಾ ಎಂದು ಖಚಿತಪಡಿಸಿದ್ದೂ ಇಲ್ಲೇ. ಆದರೂ ಯಾರಿಗೋ ಜ್ವರ ಬಂದು, ವೈದ್ಯರಿಗೆ ಅನುಮಾನ ಹುಟ್ಟಿ, ರಕ್ತ ಕಳಿಸುವ ತನಕ ಪ್ರಯೋಗಾಲಯದ ಕೈ ಕಟ್ಟಿದಂತೆಯೇ. ಫ್ರಿಜ್ಜು ಎಳೆಯುವವಳ ಕೆಲಸ ಅದಕ್ಕೂ ಮೊದಲಿನದು. ಪತ್ರಿಕೆಗಳು ಬರೆಯುವುದು ಮಾತ್ರ ಪ್ರಯೋಗಾಲಯದ ಬಗ್ಗೆ!

ಮೂರನೇ ಮಹಡಿ. ಬೀಗ. ಮನೆಯವರು ಹುಬ್ಬಳ್ಳಿಗೆ ಹೋಗಿದ್ದಾರಂತೆ, ಬರುವುದು ಮುಂದಿನ ವಾರ. ಪಕ್ಕದ ಮನೆಯಲ್ಲಿ ಕೀಲಿ ಇದೆ, ಆದರೆ ಹೇಳದೆ ಕೇಳದೆ ತೆರೆಯಲು ಅವರು ಒಪ್ಪುತ್ತಿಲ್ಲ. ಕಿಟಕಿಯ ಸರಳಿನಾಚೆ ಬಾಟಲಿಯಲ್ಲಿ ನಿಲ್ಲಿಸಿದ ಮನಿಪ್ಲಾಂಟ್ ಕಾಣುತ್ತದೆ. ಕಾರ್ಯಕರ್ತೆ ಫೋನ್ ಹಚ್ಚಿ ಮರಾಠಿಯಲ್ಲಿ ಶುರು ಮಾಡುತ್ತಾಳೆ. ಆ ಕಡೆಯಿಂದ ಅಜ್ಜಿಯೊಬ್ಬರು ಕನ್ನಡದಲ್ಲಿ, “ಯಾರವಾ ನೀ? ಸೊಳ್ಳಿ ನೋಡಾಕ ನಮ್ಮ ಮನಿ ಯಾಕ ತಗೀಬೇಕು?”

ಫೋನು ನಿಮ್ಮ ಕೈಗೆ ಬರುತ್ತದೆ. ಈಗ ನೀವೇ ಒಪ್ಪಿಸಬೇಕು.