ಹೊಯ್ಸಳ ನಾಡಿನಲ್ಲಿ ಒಂದು ‘ಹಲೋ’

ಬೆಂಗಳೂರಿನಿಂದ ಹುಬ್ಬಳ್ಳಿಯ ಕಡೆಗೆ ಹೊರಟ ರೈಲಿನಲ್ಲಿ ತುಮಕೂರು, ತಿಪಟೂರುಗಳನ್ನು ದಾಟಿ, ತೆಂಗಿನ ತೋಟಗಳ ನಡುವೆ ಸಾಗಿ ಬಂದ ಪ್ರಯಾಣಿಕನಿಗೆ ಅರಸೀಕೆರೆಯು ಊರಾಗಿ ಕಾಣುವುದಕ್ಕೆ ಮುಂಚೆ ಪ್ರಶ್ನೆಗಳಾಗಿ ಕಾಣುತ್ತದೆ. ಮೈಸೂರಿನ ಗಾಡಿ ಯಾವ ಪ್ಲಾಟ್‌ಫಾರ್ಮಿಗೆ? ಹಾಸನದ ಗಾಡಿ ಹೊರಟೇ ಹೋಯಿತೆ? ಹಳೇಬೀಡಿಗೆ ನೇರವಾದ ಬಸ್ಸುಂಟೆ, ಇಲ್ಲವೆ ಜಾವಗಲ್ಲಿನಲ್ಲಿ ಇಳಿದು ಹತ್ತಬೇಕೆ? ಜಂಕ್ಷನ್ ಎಂದಮೇಲೆ ಅಷ್ಟೇ. ಹಳಿಗಳು ಕವಲೊಡೆದಲ್ಲಿ ಸಂದೇಹಗಳೂ ಕವಲೊಡೆಯುತ್ತವೆ.

ಬೇಲೂರು, ಹಳೇಬೀಡುಗಳ ಶಿಲ್ಪವೈಭವವನ್ನು ಬಲ್ಲವರು ಬೇಕಾದಷ್ಟು ಬರೆದಿದ್ದಾರೆ. 2023ರ ಸೆಪ್ಟೆಂಬರಿನಲ್ಲಿ ಈ ಎರಡು ಊರುಗಳ ದೇವಾಲಯಗಳೂ ಸೋಮನಾಥಪುರದ ಕೇಶವಾಲಯವೂ ಯುನೆಸ್ಕೋವಿನ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಮೇಲಂತೂ ಹೊಸದಾಗಿ ಹೊಗಳುವ ಅಗತ್ಯವೇ ಉಳಿದಿಲ್ಲ. ಆದ್ದರಿಂದ ಈ ಲೇಖನದಲ್ಲಿ ಕಲ್ಲುಗಳ ಮಾತು ಸ್ವಲ್ಪ ಕಡಮೆ. ಈ ದಾರಿಯಲ್ಲಿ ಹೋಗುವ ಸಂಸಾರವಂದಿಗರಿಗೆ ತೊಂದರೆಯೊದಗಿದಾಗ, ದೂರವಾಣಿಯ ಅತ್ತ ತುದಿಯಲ್ಲಿ ಒಬ್ಬ ಮನುಷ್ಯನು ದೊರೆಯುವನೇ, ದೊರೆಯುವುದಾದರೆ ಹೇಗೆ ಎಂಬುದೇ ಇಲ್ಲಿಯ ವಿಷಯ.

ಅಂದಿನ ದನಿ

ಹಿಂದಿನ ಕಾಲದಲ್ಲಿ ಈ ಚಿಂತೆ ಇರಲಿಲ್ಲ. ಸಣ್ಣ ಊರುಗಳಲ್ಲಿ ರಿಸೀವರ್ ಎತ್ತಿದೊಡನೆ ‘ನಂಬರ್ ಪ್ಲೀಸ್’ ಎಂದು ಕೇಳುತ್ತಿದ್ದುದೇ ಒಬ್ಬ ಮನುಷ್ಯನ ಕಂಠ. ದೂರದ ಊರಿಗೆ ಮಾತನಾಡಬೇಕಾದರೆ ಟ್ರಂಕ್ ಕಾಲ್ ಬುಕ್ ಮಾಡಿ, ಆರ್ಡಿನರಿಯೋ ಅರ್ಜೆಂಟೋ ಲೈಟ್ನಿಂಗೋ ಎಂದು ತಿಳಿಸಿ, ಮನೆಯವರೆಲ್ಲರೂ ಟೆಲಿಫೋನಿನ ಸುತ್ತ ಕುಳಿತಿರಬೇಕಾಗಿತ್ತು. ಗಂಟೆಗಟ್ಟಲೆ ಕಾದದ್ದುಂಟು, ಆದರೆ ಕಾಯಿಸಿದವನೂ ಮನುಷ್ಯನೇ ಆಗಿದ್ದನು. ಅವನೊಡನೆ ಜಗಳವಾಡಬಹುದಾಗಿತ್ತು, ‘ಮನೆಯಲ್ಲಿ ಕಾಯಿಲೆ, ಸ್ವಲ್ಪ ಬೇಗ ಕೊಡಿ’ ಎಂದು ಬೇಡಿಕೊಳ್ಳಬಹುದಾಗಿತ್ತು.

1960ರ ನವೆಂಬರಿನಲ್ಲಿ ಕಾನ್ಪುರ ಮತ್ತು ಲಖನೌ ನಗರಗಳ ನಡುವೆ ನಮ್ಮ ದೇಶದ ಮೊದಲನೆಯ ಎಸ್.ಟಿ.ಡಿ. ಸಂಪರ್ಕವು ಆರಂಭವಾಯಿತು. ನಡುವಿನ ಮನುಷ್ಯನು ಅಂದಿನಿಂದ ಮೆಲ್ಲಮೆಲ್ಲನೆ ಮರೆಯಾಗತೊಡಗಿದನು. ಈಗ ಎಲ್ಲರ ಜೇಬಿನಲ್ಲಿಯೂ ಟೆಲಿಫೋನುಂಟು, ಕರೆದ ಕ್ಷಣದಲ್ಲಿ ಉತ್ತರವೂ ಉಂಟು. ಆ ಉತ್ತರವನ್ನು ಕೊಡುವುದು ಮಾತ್ರ ಯಂತ್ರ. ಕನ್ನಡಕ್ಕೆ ಇಂತಹ ಅಂಕಿ, ದೂರಿಗೆ ಇಂತಹ ಅಂಕಿ ಎಂದು ಅದು ಮೃದುವಾಗಿ ಹೇಳುತ್ತದೆ. ನಮ್ಮ ಪ್ರಶ್ನೆ ಅದರ ಪಟ್ಟಿಯಲ್ಲಿ ಇದ್ದರೆ ಸುಖ. ಇಲ್ಲವಾದರೆ ಒಂದು ಅಂಕಿಯಿಂದ ಇನ್ನೊಂದು ಅಂಕಿಗೆ ಪ್ರದಕ್ಷಿಣೆ.

ಅರಸೀಕೆರೆಯ ನಿಲ್ದಾಣದಲ್ಲಿ

ನಾವು ಪ್ರಯಾಣ ಮಾಡಿದ ದಿನ ತಿಪಟೂರಿನಲ್ಲಿ ವೃದ್ಧ ದಂಪತಿಗಳಿಬ್ಬರು ನಮ್ಮ ಡಬ್ಬಿಯನ್ನೇರಿದರು. ಅರಸೀಕೆರೆಯಲ್ಲಿರುವ ಮಗಳ ಮನೆಗೆ ಹೊರಟವರು. ನಿಲ್ದಾಣದ ನೂಕುನುಗ್ಗಲಿನಲ್ಲಿ ನಾವೆಲ್ಲರೂ ಒಟ್ಟಿಗೆ ಇಳಿದೆವು. ಗಾಡಿಯು ಬಾಣಾವರದ ಕಡೆಗೆ ಸಾಗಿ ಕಣ್ಮರೆಯಾದ ಮೇಲೆ ಆ ಅಜ್ಜಿಗೆ ತಮ್ಮ ಕೈಚೀಲದ ನೆನಪು ಬಂದಿತು. ಅದು ಸೀಟಿನ ಕೆಳಗೇ ಉಳಿದಿತ್ತು. ಅದರಲ್ಲಿ ಹಣವೇನೂ ಇರಲಿಲ್ಲ; ಯಜಮಾನರ ಹೃದಯದ ಕಾಯಿಲೆಯ ಮಾತ್ರೆಗಳೂ ವೈದ್ಯರ ಚೀಟಿಯೂ ಇದ್ದುವು. ಅಜ್ಜಿಯ ಮುಖ ಬಿಳಿಚಿಕೊಂಡಿತು.

ರೈಲ್ವೆಯವರು 2020ರಿಂದ ಮೊದಲುಮಾಡಿ ತಮ್ಮ ಹಲವು ಸಹಾಯವಾಣಿಗಳನ್ನು 139 ಎಂಬ ಒಂದೇ ಸಂಖ್ಯೆಯಲ್ಲಿ ಅಡಕ ಮಾಡಿದ್ದಾರೆ. ರಕ್ಷಣೆಗೆಂದು ಪ್ರತ್ಯೇಕವಾಗಿದ್ದ 182 ಕೂಡ 2021ರಲ್ಲಿ ಇದರೊಳಗೆ ಸೇರಿತು. ಹನ್ನೆರಡು ಭಾಷೆಗಳಲ್ಲಿ ದೊರೆಯುವ ಈ ಸೇವೆಗೆ ಸ್ಮಾರ್ಟ್‌ಫೋನೇ ಬೇಕೆಂದಿಲ್ಲ, ಎಂತಹ ಹಳೆಯ ಫೋನಾದರೂ ಸಾಕು. ಅದನ್ನು ಪ್ರಕಟಿಸಿದಾಗಲೇ ರೈಲ್ವೆಯವರು ಒಂದು ಒಳ್ಳೆಯ ಮಾತನ್ನು ಸೇರಿಸಿದ್ದರು: ಪಟ್ಟಿಯನ್ನೆಲ್ಲ ಕೇಳುತ್ತ ಕೂರುವ ತಾಳ್ಮೆಯಿಲ್ಲದವರು ನಕ್ಷತ್ರದ ಗುರುತನ್ನು ಒತ್ತಿದರೆ ನೇರವಾಗಿ ಸಿಬ್ಬಂದಿಯೊಡನೆ ಮಾತನಾಡಬಹುದು.

ಅಜ್ಜಿಯ ಪರವಾಗಿ ನಾವೇ ಕರೆ ಮಾಡಿ ಆ ನಕ್ಷತ್ರವನ್ನೊತ್ತಿದೆವು. ಸ್ವಲ್ಪ ಹೊತ್ತಿನಲ್ಲಿಯೇ ‘ನಮಸ್ಕಾರ, ಹೇಳಿ ಸರ್’ ಎಂದು ಒಬ್ಬ ಹೆಣ್ಣುಮಗಳ ದನಿ ಕೇಳಿಸಿತು. ಗಾಡಿಯ ಸಂಖ್ಯೆ, ಡಬ್ಬಿ, ಸೀಟು, ಟಿಕೆಟ್ಟಿನ ಮೇಲಿನ ಪಿ.ಎನ್.ಆರ್. ಇವನ್ನೆಲ್ಲ ಬರೆದುಕೊಂಡ ಮೇಲೆ ಚೀಲದ ಗುರುತನ್ನು ಕೇಳಿದರು. ಫೋನನ್ನು ಅಜ್ಜಿಯ ಕೈಗಿತ್ತೆವು.

‘‘ಹಸಿರು ಅಂಚಿನ ಬಟ್ಟೆ ಚೀಲ ಕಣಮ್ಮ. ದುಡ್ಡಿಲ್ಲ ಕಾಸಿಲ್ಲ, ನಮ್ಮ ಯಜಮಾನರ ಮಾತ್ರೆ ಐತೆ.’’

‘‘ತಾತನವರು ಇವತ್ತಿನ ಮಾತ್ರೆ ತಗೊಂಡಿದ್ದಾರಾ ಅಜ್ಜಿ?’’

ಬೆಳಗಿನದಾಗಿದೆ, ರಾತ್ರಿಯದಾಗಬೇಕು ಎಂದರು ಅಜ್ಜಿ. ‘‘ಹಾಗಾದರೆ ಸಂಜೆಯವರೆಗೆ ನೋಡಿ. ಚೀಲ ಬರುವುದು ತಡವಾದರೆ ಕಾಯಬೇಡಿ, ಮಾತ್ರೆಯ ಹೆಸರು ತಿಳಿದುಕೊಂಡು ಅಲ್ಲಿಯೇ ಡಾಕ್ಟರನ್ನು ಕಾಣಿ’’ ಎಂದಿತು ಆ ದನಿ. ದೂರಿನ ಸಂಖ್ಯೆಯು ಫೋನಿಗೆ ಸಂದೇಶವಾಗಿ ಬಂದಿತು. ರೈಲ್ವೆ ರಕ್ಷಣಾ ದಳದವರು ಚೀಲವನ್ನು ಬೀರೂರಿನಲ್ಲಿ ಇಳಿಸಿಕೊಂಡರೆಂದೂ ಅಳಿಯಂದಿರು ಹೋಗಿ ತಂದರೆಂದೂ ಸಂಜೆ ಅಜ್ಜಿಯೇ ಕರೆ ಮಾಡಿ ತಿಳಿಸಿದರು.

ಚೀಲ ದೊರೆತದ್ದು ಸಂತೋಷ. ನಮ್ಮ ಮನಸ್ಸಿನಲ್ಲಿ ನಿಂತುದು ಮಾತ್ರ ಆ ಒಂದು ಪ್ರಶ್ನೆ. ಡಬ್ಬಿ ಯಾವುದು, ಸೀಟು ಯಾವುದು ಎಂದು ಯಂತ್ರವೂ ಕೇಳೀತು. ತಾತನವರು ಮಾತ್ರೆ ತೆಗೆದುಕೊಂಡರೇ ಎಂಬುದನ್ನು ಕೇಳಬೇಕೆಂದು ಆ ಹೆಣ್ಣುಮಗಳಿಗೆ ತೋರಿತು, ಆಕೆ ಕೇಳಿದಳು.

ಆಮೇಲೆ ನಾವು ಊರೊಳಗಿನ ಶಿವಾಲಯಕ್ಕೆ ಹೋದೆವು. ಅರಸಿಯೊಬ್ಬಳು ಕಟ್ಟಿಸಿದ ಕೆರೆಯಿಂದ ಊರಿಗೆ ಈ ಹೆಸರು ಬಂದಿತೆಂದು ಹೇಳುತ್ತಾರೆ. 1220ರ ಸುಮಾರಿನ ಈ ಗುಡಿಯ ಮುಂದಿನ ತೆರೆದ ಮಂಟಪವು ನಕ್ಷತ್ರದ ಆಕಾರದಲ್ಲಿದೆ. ಹೊಯ್ಸಳರ ಗುಡಿಗಳಲ್ಲಿಯೂ ಇದು ಅಪರೂಪದ ರಚನೆ. ಬೇಲೂರಿಗೆ ಅವಸರದಿಂದ ಓಡುವವರು ಇದನ್ನು ನೋಡದೆ ಹೋಗುವುದು ದೊಡ್ಡ ನಷ್ಟ.

ಹಳೇಬೀಡಿನ ಜಗತಿಯ ಮೇಲೆ

ಅರಸೀಕೆರೆಯಿಂದ ಜಾವಗಲ್ಲಿನ ಮೇಲೆ ಹಳೇಬೀಡಿಗೆ ಸುಮಾರು 40 ಕಿಲೋಮೀಟರು. ಒಂದು ಕಾಲದಲ್ಲಿ ದ್ವಾರಸಮುದ್ರವೆಂಬ ಹೆಸರಿನಿಂದ ಹೊಯ್ಸಳರ ರಾಜಧಾನಿಯಾಗಿದ್ದ ಊರು ಇದು. 1311ರಲ್ಲಿ ಮಲಿಕ್ ಕಾಫರನ ದಾಳಿಗೆ ತುತ್ತಾಯಿತು. ಕೆರೆಯ ಅಂಚಿನಲ್ಲಿ ಹೊಯ್ಸಳೇಶ್ವರನ ಜೋಡಿ ಗುಡಿಗಳು ಇಂದಿಗೂ ನಿಂತಿವೆ. ಶಿಖರಗಳಿಲ್ಲ. ಕೆಳಗಿನ ಪಟ್ಟಿಕೆಯಲ್ಲಿ ಆನೆಗಳು, ಅವುಗಳ ಮೇಲೆ ಸಿಂಹಗಳು, ಬಳ್ಳಿಗಳು, ಕುದುರೆಗಳು, ಅದರ ಮೇಲೆ ರಾಮಾಯಣ ಮಹಾಭಾರತದ ಕಥೆಗಳು. ಆನೆಗಳ ಸಾಲಿನಲ್ಲಿ ಒಂದರಂತೆ ಇನ್ನೊಂದಿಲ್ಲವೆಂದು ಮಾರ್ಗದರ್ಶಿಗಳು ಹೇಳುತ್ತಾರೆ; ನಾವು ಒಂದಷ್ಟು ದೂರ ಹೋಲಿಸಿ ನೋಡಿ ಸೋತೆವು.

ಅಲ್ಲಿ ಹುಲ್ಲುಹಾಸಿನ ಮೇಲೆ ದಾವಣಗೆರೆಯ ಕಡೆಯ ಕುಟುಂಬವೊಂದು ಬುತ್ತಿಯನ್ನು ಬಿಚ್ಚಿ ಕುಳಿತಿತ್ತು. ಆದರೆ ಮನೆಯ ಹಿರಿಯ ಮಗನು ಊಟ ಬಿಟ್ಟು ಫೋನು ಹಿಡಿದು ಅಡ್ಡಾಡುತ್ತಿದ್ದನು. ಪ್ರಯಾಣದ ಏರ್ಪಾಡು ಮಾಡುವ ಒಂದು ಕಂಪನಿಯ ಮೂಲಕ ಕಾದಿರಿಸಿದ್ದ ಕೊಠಡಿಗಳು ರದ್ದಾಗಿ, ಅವನಿಗೆ ಹಣ ಹಿಂದಕ್ಕೆ ಬರಬೇಕಾಗಿತ್ತಂತೆ. ಕಂಪನಿಯ ಯಂತ್ರವು ‘ನಿಮ್ಮ ಕರೆ ನಮಗೆ ಅಮೂಲ್ಯವಾದುದು’ ಎಂದು ಹೇಳಿ ಹೇಳಿ ಸಂಗೀತವನ್ನು ಕೇಳಿಸುತ್ತಿತ್ತು. ಬೇಸತ್ತ ಅವನು ಇಂಟರ್ನೆಟ್ಟಿನಲ್ಲಿ ಹುಡುಕಿ ಬೇರೊಂದು ಸಂಖ್ಯೆಯನ್ನು ಹಿಡಿದನು. ಏನಾಶ್ಚರ್ಯ! ಮೊದಲನೆಯ ಗಂಟೆಗೇ ಒಬ್ಬನು ‘ಕಸ್ಟಮರ್ ಕೇರ್’ ಎಂದು ಉತ್ತರಿಸಿದನು. ಸವಿಮಾತು, ಸಹಾನುಭೂತಿ. ‘ಈಗಲೇ ಹಣ ಹಾಕಿಬಿಡುತ್ತೇನೆ ಸಾರ್, ಒಂದು ಆ್ಯಪ್ ಇಳಿಸಿಕೊಳ್ಳಿ, ನಿಮ್ಮ ಫೋನಿಗೆ ಬರುವ ಓ.ಟಿ.ಪಿ. ಸಂಖ್ಯೆಯನ್ನು ಹೇಳಿ’ ಎಂದನು.

ಆಗ ಚಿತ್ರಾನ್ನ ಬಡಿಸುತ್ತಿದ್ದ ತಾಯಿ ಸೌಟನ್ನು ಹಿಡಿದುಕೊಂಡೇ ತಲೆಯೆತ್ತಿದರು. ‘‘ಅಲ್ಲಪ್ಪಾ, ದುಡ್ಡು ಕೊಡೋನು ನಮ್ಮ ಗುಟ್ಟಿನ ನಂಬರು ಯಾಕೆ ಕೇಳ್ತಾನೆ? ಇಸ್ಕೊಳ್ಳೋನು ಕೇಳಬೇಕು. ಮೊದಲು ಫೋನ್ ಇಡು.’’

ಮಗನು ಕರೆಯನ್ನು ಮುಗಿಸಿದನು. ಮನೆಯ ಉಳಿತಾಯ ಉಳಿಯಿತು.

ವಾಚಕರು ಇದನ್ನು ತಮ್ಮ ಮನೆಗಳಲ್ಲಿ ಅವಶ್ಯವಾಗಿ ಹೇಳಬೇಕು. ಜೀವಂತ ದನಿಗಾಗಿ ನಮಗಿರುವ ಹಸಿವನ್ನು ಕಳ್ಳರು ಚೆನ್ನಾಗಿ ಬಲ್ಲರು. ನಿಜವಾದ ಸಂಸ್ಥೆಗಳು ಮನುಷ್ಯನನ್ನು ಏಳು ಕೋಟೆಗಳ ಹಿಂದೆ ಬಚ್ಚಿಟ್ಟಿರುವಾಗ ಇವರು ಬಾಗಿಲಲ್ಲಿಯೇ ನಿಂತು ನಗುತ್ತಾರೆ. ಆದ್ದರಿಂದ ಸಂಖ್ಯೆಯನ್ನು ಟಿಕೆಟ್ಟಿನ ಮೇಲಿನಿಂದಲೋ, ರಸೀತಿಯಿಂದಲೋ, ಸಂಸ್ಥೆಯ ಸ್ವಂತ ಜಾಲತಾಣದಿಂದಲೋ ಮಾತ್ರ ತೆಗೆದುಕೊಳ್ಳತಕ್ಕದ್ದು. ಓ.ಟಿ.ಪಿ. ಕೇಳಿದವನು ಯಾರೇ ಆಗಿರಲಿ, ಮಾತು ಅಲ್ಲಿಗೆ ಮುಗಿಯಬೇಕು. ಮೋಸ ನಡೆದೇಹೋದಲ್ಲಿ ಒಂದು ನಿಮಿಷವನ್ನೂ ಕಳೆಯದೆ 1930ಕ್ಕೆ ಕರೆ ಮಾಡಬೇಕು. ಬೇಗ ತಿಳಿಸಿದಷ್ಟೂ, ಹಣವು ಕೈಯಿಂದ ಕೈಗೆ ದಾಟುವ ಮುನ್ನ ಅದನ್ನು ತಡೆಯುವ ಸಂಭವ ಹೆಚ್ಚು.

ಬೇಲೂರಿನ ಗಿಣಿ

ಹಳೇಬೀಡಿನಿಂದ ಬೇಲೂರಿಗೆ 16 ಕಿಲೋಮೀಟರು. 1117ರಲ್ಲಿ ವಿಷ್ಣುವರ್ಧನನು ಪ್ರತಿಷ್ಠೆ ಮಾಡಿಸಿದ ಚೆನ್ನಕೇಶವನ ಗುಡಿಯಲ್ಲಿ ಹೊರಗೆ 38, ಒಳಗೆ 4, ಒಟ್ಟು 42 ಮದನಿಕೆಯರಿದ್ದಾರೆ. ದಾಸೋಜ, ಅವನ ಮಗ ಚಾವಣ ಮೊದಲಾದ ರೂವಾರಿಗಳು ತಮ್ಮ ಹೆಸರುಗಳನ್ನು ಕಲ್ಲಿನಲ್ಲಿ ಕೊರೆದಿಟ್ಟು ಹೋಗಿದ್ದಾರೆ. ಈ ಕೆಲಸ ಯಾರದೆಂದು ಒಂಬೈನೂರು ವರ್ಷಗಳ ಮೇಲೆಯೂ ನಾವು ಕೇಳಬಹುದು, ಉತ್ತರವನ್ನೂ ಪಡೆಯಬಹುದು!

ಮದನಿಕೆಯರಲ್ಲಿ ಗಿಣಿಯೊಡನೆ ಮಾತನಾಡುವ ಶುಕಭಾಷಿಣಿ ಒಬ್ಬಳು. ನಮ್ಮ ಮಾರ್ಗದರ್ಶಿಯು ವಯಸ್ಸಾದವರು. ವರ್ಷಗಳಿಂದ ಹೇಳುತ್ತ ಬಂದ ಪಾಠ ಅವರ ನಾಲಿಗೆಯ ತುದಿಯಲ್ಲಿತ್ತು. ಇಸವಿ, ಅಳತೆ, ಆಭರಣದ ಹೆಸರುಗಳು ಧಾರೆಯಾಗಿ ಹರಿಯುತ್ತಿರುವಾಗ ಗುಂಪಿನಲ್ಲಿದ್ದ ಚಿಕ್ಕ ಹುಡುಗಿಯೊಬ್ಬಳು ನಡುವೆ ಬಾಯಿಹಾಕಿದಳು: ‘‘ತಾತ, ಆ ಗಿಣಿ ಏನು ಹೇಳ್ತಿದೆ?’’

ಪಾಠ ನಿಂತಿತು. ಹಿರಿಯರು ಮಗುವಿನ ಮುಖವನ್ನೊಮ್ಮೆ ನೋಡಿದರು. ‘‘ಹೊಟ್ಟೆ ಹಸೀತಿದೆ ಅಂತಿದೆ, ಪುಟ್ಟಿ. ನಿನಗೂ ಹಾಗೇ ಅಲ್ವೇ?’’ ಹುಡುಗಿ ತಲೆಯಾಡಿಸಿದಳು. ಹೊತ್ತು ಎರಡು ಗಂಟೆ ಮೀರಿದ್ದುದನ್ನು ದೊಡ್ಡವರು ಆಗ ಕಂಡುಕೊಂಡರು.

ಕಲಿಸಿದ್ದನ್ನು ಒಪ್ಪಿಸುವುದು ಗಿಣಿಗೂ ಸಾಧ್ಯ, ಯಂತ್ರಕ್ಕೂ ಸಾಧ್ಯ. ಮನುಷ್ಯನೂ ಅನೇಕ ವೇಳೆ ಅದನ್ನೇ ಮಾಡುತ್ತಾನೆ. ಆದರೆ ಎದುರಿಗಿದ್ದವರ ಮುಖವನ್ನು ಕಂಡು, ಪಾಠವನ್ನು ನಿಲ್ಲಿಸಬಲ್ಲವನು ಅವನೊಬ್ಬನೇ. ದೂರವಾಣಿಯಲ್ಲಿ ಮುಖವು ಕಾಣದಿದ್ದರೂ ದನಿಯ ನಡುಕವಾದರೂ ಕೇಳುತ್ತದೆಯಲ್ಲವೆ?

ನಮ್ಮ ಕಾನೂನೂ ಈ ಅಗತ್ಯವನ್ನು ಮನಗಂಡಿದೆ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2012ರಲ್ಲಿ ಮಾಡಿದ ನಿಯಮಗಳಂತೆ, ಟೆಲಿಫೋನ್ ಕಂಪನಿಗಳ ಉತ್ತರಿಸುವ ಯಂತ್ರವು ಮೊದಲನೆಯ ಹಂತದಲ್ಲಿ ಭಾಷೆಯನ್ನೂ, ಎರಡನೆಯದರಲ್ಲಿ ವಿಷಯವನ್ನೂ ಕೇಳಿ, ಮೂರನೆಯದರಲ್ಲಿ ಸಿಬ್ಬಂದಿಯೊಡನೆ ಮಾತನಾಡುವ ಅವಕಾಶವನ್ನು ಕೊಡಬೇಕು. ಹಾಗೆ ಬಂದ ಕರೆಗಳಲ್ಲಿ ಶೇಕಡ 95ಕ್ಕೆ 90 ಸೆಕೆಂಡುಗಳೊಳಗೆ ಮನುಷ್ಯರು ಉತ್ತರಿಸಬೇಕೆಂಬ ಮಟ್ಟವನ್ನೂ ಪ್ರಾಧಿಕಾರವು ಗೊತ್ತುಮಾಡಿದೆ. ಯಾವ ಕಂಪನಿಯಿಂದಲೂ ನ್ಯಾಯ ದೊರೆಯದ ಗ್ರಾಹಕನಿಗೆ 1915 ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯುಂಟು. ಅಲ್ಲಿ ಕನ್ನಡದಲ್ಲಿಯೇ ದೂರು ಹೇಳಬಹುದು.

ಇನ್ನು ಕರೆ ಮಾಡುವವರ ಕರ್ತವ್ಯವೂ ಕೊಂಚ ಇದೆ. ಟಿಕೆಟ್ಟು, ರಸೀತಿ, ಪೆನ್ನು ಇವನ್ನು ಕೈಯಲ್ಲಿ ಇಟ್ಟುಕೊಂಡೇ ಕರೆಯಬೇಕು. ವಿಷಯವನ್ನು ಎರಡು ವಾಕ್ಯಗಳಲ್ಲಿ ಹೇಳಬೇಕು. ದೂರಿನ ಸಂಖ್ಯೆಯನ್ನೂ ಮಾತನಾಡಿದ ಹೊತ್ತನ್ನೂ ಬರೆದಿಟ್ಟುಕೊಳ್ಳಬೇಕು. ಅತ್ತ ಕಡೆಯವರು ದಿನವೆಲ್ಲ ಬೈಗುಳನ್ನು ಕೇಳಿ ದಣಿದಿರುತ್ತಾರೆ, ತಪ್ಪು ಅವರದಲ್ಲ. ‘ನಿಮ್ಮ ಹೆಸರೇನಮ್ಮಾ?’ ಎಂದು ಮೊದಲು ಕೇಳಿ ನೋಡಿ. ಅರ್ಧ ಕೆಲಸ ಅಲ್ಲಿಯೇ ಆಗುತ್ತದೆ.

ಬೇಲೂರಿನ ಬಾಗಿಲುಗಳ ಇಕ್ಕೆಲಗಳಲ್ಲಿ ಸಳನು ಮೃಗದೊಡನೆ ಸೆಣಸುವ ಶಿಲ್ಪಗಳಿವೆ. ಸೊಸೆವೂರಿನಲ್ಲಿ, ಎಂದರೆ ಇಂದಿನ ಅಂಗಡಿಯಲ್ಲಿ, ಹುಲಿಯು ಮೇಲೆ ಬಿದ್ದಾಗ ಸುದತ್ತ ಮುನಿಯು ‘ಹೊಯ್ ಸಳ’ ಎಂದು ಕೂಗಿದನಂತೆ. ಶಿಷ್ಯನು ಒಡನೆಯೇ ಹುಲಿಯನ್ನು ಹೊಡೆದನಂತೆ. ಇತಿಹಾಸಕಾರರು ಈ ಐತಿಹ್ಯವನ್ನು ಹೇಗೆ ತೂಗಿದರೂ, ಬೆಂಗಳೂರಿನ ಪೊಲೀಸರು ತಮ್ಮ ಗಸ್ತು ವಾಹನಗಳಿಗೆ ಹೊಯ್ಸಳವೆಂಬ ಹೆಸರಿಟ್ಟುದು ಬಹು ಉಚಿತವಾಗಿದೆ. ಒಬ್ಬನು ಕೂಗಿದನು, ಇನ್ನೊಬ್ಬನು ಓಗೊಟ್ಟನು; ಅಷ್ಟರಿಂದ ಒಂದು ರಾಜವಂಶಕ್ಕೇ ಹೆಸರು ಬಂದಿತು. ಕೂಗಿದವರಿಗೆ ಓಗೊಡುವ ಮನುಷ್ಯನೊಬ್ಬನನ್ನು ನಮ್ಮ ಕಾಲದ ಸಂಸ್ಥೆಗಳು ತಂತಿಯ ತುದಿಯಲ್ಲಿ ಉಳಿಸಿಕೊಂಡರೆ ಅವುಗಳ ಹೆಸರೂ ಉಳಿದೀತು.